ಕಮಾನಿನ ಸಾಧನೆ

ಮೈಸೂರಿನ ಪಿಟೀಲು ವಿದ್ವಾಂಸರಾದ ಟಿ. ಚೌಡಯ್ಯನವರು (1895–1967), ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ನಾದವು ದೂರದ ಶ್ರೋತೃಗಳಿಗೂ ಮುಟ್ಟಲೆಂದು, ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರನ್ನು ಸೇರಿಸಿದರು. ಜೋಡಿ ತಂತಿಗಳು ಒಂದೇ ಎಳೆತಕ್ಕೆ ಸಮವಾಗಿ ನುಡಿಯಬೇಕಾದರೆ ಕಮಾನು ಹಿಡಿದ ಕೈ ಪಳಗಿರಬೇಕು. ಹಾಡುಗಾರನಿಗೆ ಉಸಿರು ಹೇಗೋ ಪಿಟೀಲುವಾದಕನಿಗೆ ಕಮಾನು ಹಾಗೆ.

ಆದುದರಿಂದ ಸಾಧನೆಯು ಕಮಾನಿನಿಂದಲೇ ಮೊದಲಾಗಬೇಕು. ಶ್ರುತಿ ಸೇರಿಸಿದ ಮೇಲೆ, ಬೆರಳನ್ನು ಊರದೆ, ಒಂದೊಂದು ತಂತಿಯ ಮೇಲೂ ಕಮಾನನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಎಳೆದರೆ ಭುಜ, ಮಣಿಕಟ್ಟುಗಳ ಬಿಗಿತ ಸಡಿಲುತ್ತದೆ, ನಾದ ಸಮಗೊಳ್ಳುತ್ತದೆ. ಬಳಿಕ ಸರಳೆ ವರಸೆಯನ್ನು ವಿಳಂಬದಲ್ಲಿ ನುಡಿಸಿ, ಕ್ರಮವಾಗಿ ಎರಡನೆಯ, ಮೂರನೆಯ ಕಾಲಗಳಿಗೆ ಏರಬೇಕು. ಪಿಟೀಲಿನಲ್ಲಿ ವೀಣೆಯಂತೆ ಮೆಟ್ಟಿಲುಗಳಿಲ್ಲ. ಸ್ವರಸ್ಥಾನಕ್ಕೆ ಕಿವಿಯೇ ಸಾಕ್ಷಿ. ವೇಗದಲ್ಲಿ ಮರೆಯಾಗುವ ಅಪಸ್ವರ ವಿಳಂಬದಲ್ಲಿ ಬಯಲಾಗುತ್ತದೆ. ಅದನ್ನು ಅಲ್ಲಿಯೇ ತಿದ್ದದೆ ಮುಂದೆ ಸಾಗಿದರೆ ಬೆರಳು ತಪ್ಪನ್ನೇ ಕಲಿಯುತ್ತದೆ.