ಇಲ್ಲದುದನ್ನು ಹೇಳುವ ಕ್ರಿಯಾಪದ

‘ಇಫ್ ದಿ ಅರ್ತ್ ಹ್ಯಾಡ್ ನೋ ಅಟ್ಮಾಸ್ಫಿಯರ್, ದಿ ಸ್ಕೈ ವುಡ್ ಬಿ ಬ್ಲ್ಯಾಕ್.’ ತರಗತಿಯಲ್ಲಿ ಈ ವಾಕ್ಯವನ್ನು ಓದಿದಾಗ ವಿದ್ಯಾರ್ಥಿಯೊಬ್ಬನು ಎದ್ದು, ‘ಭೂಮಿಗೆ ವಾಯುಮಂಡಲವಿಲ್ಲದೆ ಇದ್ದದ್ದು ಯಾವ ಕಾಲದಲ್ಲಿ, ಸಾರ್?’ ಎಂದು ಕೇಳಿದನು. ಉಳಿದವರು ನಕ್ಕರು. ನಗುವಂಥದೇನೂ ಅದರಲ್ಲಿರಲಿಲ್ಲ. ‘ಹ್ಯಾಡ್’ ಎಂಬುದು ಭೂತಕಾಲದ ರೂಪವೆಂದು ಕಲಿಸಿದವರು ನಾವೇ. ಅವನು ಅದನ್ನು ನಂಬಿದ್ದನು, ಅಷ್ಟೆ.

ಇಲ್ಲಿ ಆ ರೂಪವು ಸೂಚಿಸುವುದು ಕಾಲವನ್ನಲ್ಲ, ಸಂಗತಿಯು ವಾಸ್ತವವಲ್ಲವೆಂಬುದನ್ನು. ಈಗ ನಿಜವಲ್ಲದುದನ್ನು ಊಹಿಸುವಾಗ ಇಂಗ್ಲಿಷು ಕ್ರಿಯಾಪದವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ ಭೂತರೂಪದಲ್ಲಿ ನಿಲ್ಲಿಸುತ್ತದೆ. ಫಲವನ್ನು ಹೇಳುವ ಭಾಗಕ್ಕೆ ‘ವುಡ್’ ಸೇರಿಸುತ್ತದೆ. ವಾಯುಮಂಡಲವೇನೋ ಇದೆ, ಅದರ ಅಣುಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದರಿಸುವುದರಿಂದ ಆಕಾಶವು ನೀಲಿಯಾಗಿ ತೋರುತ್ತದೆ. ಅದಿಲ್ಲದಿದ್ದರೆ ಹಗಲಿನಲ್ಲೂ ಆಕಾಶ ಕಪ್ಪಾಗಿರುತ್ತಿತ್ತು. 1969ರಲ್ಲಿ ಚಂದ್ರನ ಮೇಲಿಳಿದವರು ಕಂಡದ್ದು ಅಂಥ ಆಕಾಶವನ್ನೇ.

ನಡೆದುಹೋದುದನ್ನೇ ಬೇರೆಯಾಗಿ ಊಹಿಸಬೇಕಾದರೆ? ಭೂತರೂಪವನ್ನು ವರ್ತಮಾನದ ಊಹೆಗೆ ಆಗಲೇ ವೆಚ್ಚಮಾಡಿಯಾಗಿದೆ. ಆದುದರಿಂದ ಇಂಗ್ಲಿಷು ಇನ್ನೊಂದು ಹೆಜ್ಜೆ ಹಿಂದೆ ಸರಿಯುತ್ತದೆ. 1896ರ ಫೆಬ್ರವರಿಯ ಕೊನೆಯಲ್ಲಿ ಪ್ಯಾರಿಸಿನ ಮೇಲೆ ಮೋಡ ಕವಿದಿತ್ತು. ಯುರೇನಿಯಂ ಲವಣವನ್ನು ಬಿಸಿಲಿಗೊಡ್ಡಲಾಗದೆ ಆನ್ರಿ ಬೆಕರೆಲ್ ಅದನ್ನು, ಕಪ್ಪು ಕಾಗದ ಸುತ್ತಿದ ಛಾಯಾಚಿತ್ರದ ಫಲಕದೊಡನೆ, ಮೇಜಿನ ಖಾನೆಯಲ್ಲಿಟ್ಟನು. ಮಾರ್ಚ್ 1ರಂದು ಫಲಕವನ್ನು ರಾಸಾಯನಿಕದಲ್ಲಿ ತೊಳೆದು ನೋಡಿದರೆ ಗಾಢವಾದ ಅಚ್ಚು ಮೂಡಿತ್ತು! ಕಿರಣಗಳಿಗೆ ಬಿಸಿಲಿನ ಪ್ರೇರಣೆ ಬೇಕಿರಲಿಲ್ಲ. ‘ಇಫ್ ದಿ ಸನ್ ಹ್ಯಾಡ್ ಷೋನ್, ಹಿ ವುಡ್ ಹ್ಯಾವ್ ಮಿಸ್ಡ್ ಇಟ್.’ ಬಿಸಿಲು ಬಿದ್ದಿದ್ದರೆ, ಅಚ್ಚಿಗೆ ಬಿಸಿಲೇ ಕಾರಣವೆಂಬ ತನ್ನ ಮೊದಲ ಎಣಿಕೆಯಲ್ಲಿಯೇ ಅವನು ಅಂದು ಉಳಿಯುತ್ತಿದ್ದನು.

ನಮ್ಮ ತೊಡಕಿಗೆ ಕನ್ನಡದ ಔದಾರ್ಯವೂ ಒಂದು ಕಾರಣ. ‘ಹಣವಿದ್ದರೆ ಕೊಡುತ್ತಿದ್ದೆ’ ಎಂಬ ಮಾತು ಇಂದಿಗೂ ಸಲ್ಲುತ್ತದೆ, ನಿನ್ನೆಗೂ ಸಲ್ಲುತ್ತದೆ. ಯಾವುದೆಂಬುದನ್ನು ಸಂದರ್ಭವೇ ತಿಳಿಸುತ್ತದೆ. ಇಂಗ್ಲಿಷಿನಲ್ಲಿ ಇಂದಿಗೆ ‘ಇಫ್ ಐ ಹ್ಯಾಡ್ ಮನಿ’, ನಿನ್ನೆಗೆ ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ’. ಎರಡು ‘ಹ್ಯಾಡ್’ಗಳನ್ನು ಕಂಡು ಅಚ್ಚಿನ ತಪ್ಪೆಂದು ಒಂದನ್ನು ಹೊಡೆದುಹಾಕಿದವರನ್ನು ನಾನು ಬಲ್ಲೆ. ‘ಇಫ್’ ಇರುವ ಭಾಗಕ್ಕೇ ‘ವುಡ್’ ತುರುಕುವವರು ಇನ್ನೂ ಹೆಚ್ಚು. ಪಾಠಗಳಲ್ಲಿ ಕಲಿಸುವ ಇಂಗ್ಲಿಷು ಅದನ್ನು ಒಪ್ಪದು.

ಕಾರಣ ನಿನ್ನೆಯದು, ಫಲ ಇಂದಿನದು ಎಂದಾದರೆ ಎರಡನ್ನೂ ಬೆರೆಸಬಹುದು. ಅಂದಿನ ಪಾಠದ ಕೊನೆಗೆ ಕಪ್ಪುಹಲಗೆಯ ಮೇಲೆ, ಆ ವಿದ್ಯಾರ್ಥಿಯ ಕಡೆ ನೋಡಿ, ಹೀಗೆ ಬರೆದೆ: ‘ಇಫ್ ಹಿ ಹ್ಯಾಡ್ ನಾಟ್ ಆಸ್ಕ್ಡ್, ವಿ ವುಡ್ ನಾಟ್ ನೋ.’