ಎದೆಯ ನೋವು ತೋಳಿಗಿಳಿದಾಗ

ಎದೆಯಲ್ಲಿ ನೋವು ಕಾಣಿಸಿಕೊಂಡಿತೆಂದರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, “ವಾಯು ಇರಬೇಕು, ಸ್ವಲ್ಪ ಓಮದ ನೀರು ಕುಡಿಯಿರಿ” ಎಂಬುದು; ಇನ್ನೊಂದು, “ಅಯ್ಯೋ, ಹೃದಯದ್ದೇ ಇರಬೇಕು” ಎಂಬ ಗಾಬರಿ. ಎರಡೂ ಊಹೆಗಳೇ. ನೋವು ಎಲ್ಲಿದೆ ಎಂಬುದಷ್ಟನ್ನೇ ಹಿಡಿದು ಕಾರಣವನ್ನು ನಿರ್ಧರಿಸಲಾಗದು. ಅದು ಯಾವಾಗ ಬರುತ್ತದೆ, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ಇಳಿಯುತ್ತದೆ, ಜೊತೆಯಲ್ಲಿ ಏನೇನನ್ನು ತರುತ್ತದೆ ಎಂಬುದನ್ನು ಗಮನಿಸಬೇಕು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆ ಈ ವಿಷಯದಲ್ಲಿ ಇನ್ನೊಂದು ತೊಡಕುಂಟು. ಇಲ್ಲಿಯ ಕಸುಬುಗಳಲ್ಲಿ ಹಲವು ತೋಳಿನ ಕಸುಬುಗಳು. ಉಳಿ ಹಿಡಿದು ಆಲೆಮರದ ಬೊಂಬೆ ಕಡೆಯುವವರು, ರೇಷ್ಮೆಗೂಡಿನಿಂದ ನೂಲು ತೆಗೆಯುವವರು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರುವವರು, ಇವರೆಲ್ಲರ ತೋಳು ನೋಯುವುದಕ್ಕೆ ಕಾರಣ ಹುಡುಕಬೇಕಾಗಿಯೇ ಇಲ್ಲ. “ಕೆಲಸದ ನೋವು” ಎಂಬ ಉತ್ತರ ಬಾಯಲ್ಲಿ ಸಿದ್ಧವಾಗಿರುತ್ತದೆ. ಅಂಗಡಿಯಲ್ಲೋ ಕಚೇರಿಯಲ್ಲೋ ಕುಳಿತಿರುವವರೂ ಸ್ಕೂಟರನ್ನೋ ದಿಂಬನ್ನೋ ದೂರುತ್ತಾರೆ. ಹಲವು ಸಲ ಆ ಉತ್ತರ ಸರಿಯೇ. ತಪ್ಪಾದ ಒಂದು ಸಲಕ್ಕೆ ತೆರಬೇಕಾದ ಬೆಲೆ ಮಾತ್ರ ಬಹಳ ದೊಡ್ಡದು.

ಹೃದಯದ ತೊಂದರೆಗೆ ತೋಳೇಕೆ ನೋಯಬೇಕು? ಹೃದಯದಿಂದ ನೋವಿನ ಸುದ್ದಿಯನ್ನು ಒಯ್ಯುವ ನರಗಳೂ ತೋಳಿನ ಒಳಬದಿಯಿಂದ ಬರುವ ನರಗಳೂ ಬೆನ್ನುಹುರಿಯನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸೇರುತ್ತವೆ. ಮಿದುಳಿಗೆ ತೋಳಿನಿಂದ ದಿನವೂ ಸುದ್ದಿ ಬರುತ್ತಿರುತ್ತದೆ. ಹೃದಯದಿಂದ ನೋವಿನ ಸುದ್ದಿ ಬರುವುದು ಅಪರೂಪ. ಆದುದರಿಂದ ಅದು ಹೃದಯದ ನೋವನ್ನು ತೋಳಿನದೆಂದು ಭಾವಿಸುತ್ತದೆ. ದವಡೆ, ಕುತ್ತಿಗೆ, ಬೆನ್ನು, ಹೊಟ್ಟೆಯ ಮೇಲ್ಭಾಗಗಳಲ್ಲಿ ನೋವು ಕಾಣುವುದೂ ಹೀಗೆಯೇ. ಎಡತೋಳೇ ಆಗಬೇಕೆಂಬ ನಿಯಮವೂ ಇಲ್ಲ. ಬಲತೋಳಿಗೂ, ಎರಡಕ್ಕೂ ಇಳಿಯಬಹುದು.

1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಈ ನೋವಿನ ಒಂದು ಮುಖ್ಯ ಗುಣವನ್ನು ವರ್ಣಿಸಿದರು. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಊಟವಾದ ಮೇಲೆ ನಡೆದಾಗ ಅದು ಎದೆಯನ್ನು ಹಿಡಿಯುತ್ತದೆ; ನಿಂತೊಡನೆ ಬಿಡುತ್ತದೆ. ರಾಮದೇವರ ಬೆಟ್ಟದ ಮೆಟ್ಟಿಲುಗಳನ್ನು ಹತ್ತುವಾಗ ಎದೆ ಬಿಗಿದು, ಕುಳಿತಾಗ ಸಡಿಲವಾಗುವುದಾದರೆ ವೈದ್ಯರ ಬಳಿ ಹೋಗಲು ಅದೇ ಸಾಕು. ಖಚಿತಪಡಿಸಿಕೊಳ್ಳಲೆಂದು ಮತ್ತೊಮ್ಮೆ ಹತ್ತಬೇಡಿ. ಹೃದಯಾಘಾತದ ನೋವಾದರೋ ಕುಳಿತರೂ ಬಿಡುವುದಿಲ್ಲ. ಭಾರ ಹೇರಿದಂತೆ, ಹಿಂಡಿದಂತೆ ಇರುತ್ತದೆ. ತಣ್ಣನೆಯ ಬೆವರು, ಏದುಸಿರು, ವಾಕರಿಕೆ ಜೊತೆಗೂಡಬಹುದು.

ಇನ್ನುಳಿದ ಕಾರಣಗಳನ್ನು ನೋಡೋಣ. ಒಂದು ಬೆರಳಿನಿಂದ ತೋರಿಸಬಹುದಾದ, ಒತ್ತಿದರೆ ಅಥವಾ ತೋಳು ತಿರುಗಿಸಿದರೆ ಹೆಚ್ಚುವ ನೋವು ಬಹುಶಃ ಸ್ನಾಯುವಿನದು ಇಲ್ಲವೆ ಪಕ್ಕೆಲುಬಿನ ಮೃದು ಮೂಳೆಯದು. ಕುತ್ತಿಗೆ ಹೊರಳಿಸಿದಾಗ ಬೆರಳುಗಳವರೆಗೆ ಜುಮ್ಮೆಂದು ಹರಿಯುವುದು ಕುತ್ತಿಗೆಯ ನರ ಒತ್ತಿಹೋದುದರ ಲಕ್ಷಣ. ಊಟವಾಗಿ ಮಲಗಿದೊಡನೆ ಉರಿ, ಹುಳಿತೇಗು ಬಂದರೆ ಜಠರದ ಆಮ್ಲ ಅನ್ನನಾಳಕ್ಕೆ ಏರಿದೆ. ಉಸಿರೆಳೆದಾಗ ಚುಚ್ಚುವ ನೋವು, ಜ್ವರ, ಕೆಮ್ಮು ಇದ್ದರೆ ಶ್ವಾಸಕೋಶವನ್ನು ಪರೀಕ್ಷಿಸಬೇಕು. ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಉರಿದು, ಕೆಲವು ದಿನಗಳ ಮೇಲೆ ಗುಳ್ಳೆಗಳೆದ್ದರೆ ಅದು ಸರ್ಪಸುತ್ತು. ಮನಸ್ಸಿನ ಕಳವಳದಿಂದಲೂ ನಿಜವಾದ ಎದೆನೋವು ಬರುತ್ತದೆ. ಆದರೆ ಉಳಿದವುಗಳನ್ನೆಲ್ಲ ಪರೀಕ್ಷಿಸಿದ ಮೇಲೆಯೇ ಆ ಮಾತನ್ನು ಆಡಬೇಕು.

ಹೃದಯದ್ದಲ್ಲದಿದ್ದರೂ ತಡಮಾಡಬಾರದ ನೋವುಗಳು ಎರಡುಂಟು. ಒಂದು ಕಾಲಿನ ಮೀನಖಂಡ ಊದಿ, ಹಠಾತ್ತನೆ ಉಸಿರು ಕಟ್ಟಿದರೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿರಬಹುದು. ಎದೆಯಿಂದ ಬೆನ್ನಿಗೆ ಸೀಳಿದಂತೆ ಥಟ್ಟನೆ ನೋವು ಬಂದರೆ ಮಹಾಧಮನಿಯೇ ಬಿರಿದಿರಬಹುದು.

ಈ ಲಕ್ಷಣಗಳು ದಾರಿ ತೋರಿಸುತ್ತವೆಯೇ ಹೊರತು ತೀರ್ಪು ಕೊಡುವುದಿಲ್ಲ. ಆಮ್ಲಶಾಮಕ ಔಷಧಿಯನ್ನೋ ಸೋಡವನ್ನೋ ಕುಡಿದು ನೋವು ತಗ್ಗಿದ ಮಾತ್ರಕ್ಕೆ ಅದು ಹೊಟ್ಟೆಯದೆಂದು ಸಿದ್ಧವಾಗದು. ಮಧುಮೇಹವಿರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವಿಗಿಂತ ವಿಪರೀತ ಸುಸ್ತು, ಏದುಸಿರು, ಹೊಟ್ಟೆ ತೊಳಸುವಿಕೆಗಳೇ ಮುಂದಾಗಿ ಕಾಣಬಹುದು. ವಯಸ್ಸು ಚಿಕ್ಕದೆಂಬ ಧೈರ್ಯವೂ ಸಲ್ಲದು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹಠಾತ್ತನೆ ತೀರಿಕೊಂಡಾಗ ಅವರಿಗೆ 46 ವರ್ಷ.

ಅವರ ನೆನಪಿನಲ್ಲಿ 2023ರಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆಯನ್ನು ಪ್ರಕಟಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಯ ತಜ್ಞರು ಕೂಡಲೇ ನೋಡಿ ತಿಳಿಸುವುದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದು ಇದರ ಉದ್ದೇಶ. ಈ ನಾಲ್ಕು ಊರುಗಳಿಂದ ಬೆಂಗಳೂರು ಸುಮಾರು 45ರಿಂದ 60 ಕಿಲೋಮೀಟರ್. ರಕ್ತ ನಿಂತುಹೋದ ಹೃದಯದ ಸ್ನಾಯು ಆ ಪ್ರಯಾಣದುದ್ದಕ್ಕೂ ಸಾಯುತ್ತಲೇ ಇರುತ್ತದೆ. ಆದುದರಿಂದ ಮೊದಲು ಇ.ಸಿ.ಜಿ. ತೆಗೆಯುವ ಹತ್ತಿರದ ಆಸ್ಪತ್ರೆ. ದೊಡ್ಡ ಆಸ್ಪತ್ರೆಯ ಮಾತು ಆಮೇಲೆ.

ಬಿಗಿತ ಕೆಲವು ನಿಮಿಷಗಳಲ್ಲಿ ಬಿಡದಿದ್ದರೆ, ಇಲ್ಲವೆ ಬೆವರು, ಏದುಸಿರು ಜೊತೆಗಿದ್ದರೆ, 108ಕ್ಕೆ ಫೋನು ಮಾಡಿ. ರೋಗಿಯನ್ನು ಕೂರಿಸಿ, ನಡೆಸಬೇಡಿ, ತಾನೇ ವಾಹನ ನಡೆಸಿಕೊಂಡು ಹೋಗಲು ಬಿಡಬೇಡಿ. ವೈದ್ಯರು ಹೇಳಿದರೆ 300 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗಬಹುದು. ಅದು ಒಗ್ಗದವರೂ ರಕ್ತಸ್ರಾವದ ತೊಂದರೆಯಿರುವವರೂ ತೆಗೆದುಕೊಳ್ಳಬಾರದು.

ಮೊದಲ ಇ.ಸಿ.ಜಿ. ಸರಿಯಾಗಿದ್ದರೂ ಹೃದಯಾಘಾತ ಆಗಿಲ್ಲವೆಂದು ಹೇಳಲಾಗದು. ಹೃದಯದ ಸ್ನಾಯು ಘಾಸಿಗೊಂಡಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ವಸ್ತುವನ್ನು ಅಳೆದು, ಕೆಲವು ಗಂಟೆಗಳ ನಂತರ ಮತ್ತೊಮ್ಮೆ ಅಳೆಯುವುದು ಅದಕ್ಕಾಗಿಯೇ. “ಸ್ವಲ್ಪ ಹೊತ್ತು ಇರಿ” ಎಂದು ವೈದ್ಯರು ಹೇಳಿದರೆ ಬೇಸರಿಸಬೇಡಿ.

ಬಂದು ಹೋಗುವ ನೋವಾದರೆ ಒಂದು ಚೀಟಿಯಲ್ಲಿ ಅದು ಬಂದ ಹೊತ್ತು, ಆಗ ಮಾಡುತ್ತಿದ್ದ ಕೆಲಸ, ಎಷ್ಟು ಹೊತ್ತು ಇತ್ತು, ಯಾವುದರಿಂದ ಬಿಟ್ಟಿತು ಎಂಬ ನಾಲ್ಕನ್ನು ಬರೆದಿಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು, ಮನೆಯವರಲ್ಲಿ ಯಾರಿಗಾದರೂ ಬೇಗ ಹೃದ್ರೋಗ ಬಂದಿದ್ದರೆ ಅದು, ಇವಿಷ್ಟನ್ನೂ ಅದೇ ಚೀಟಿಗೆ ಸೇರಿಸಿ. ಮುಂದಿನ ನೋವಿಗಾಗಿ ಕಾಯದೆ ಈ ವಾರವೇ ಅದನ್ನು ವೈದ್ಯರ ಕೈಗೆ ಕೊಡಿ.