ಸಿಹಿಮೂತ್ರ ರೋಗ: ಅಂಗಾಲಿನ ಮೇಲೆ ಕಣ್ಣಿರಲಿ

ತೊಗರಿ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಕೂಳೆ ಚುಚ್ಚದೆ ಬಿಡದು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ರೈತರಿಗೆ ಇದು ಹೊಸದಲ್ಲ. ಶಹಾಬಾದ, ವಾಡಿಯ ಕಲ್ಲುಗಣಿ ಕೂಲಿಗಳಿಗೆ ಕಲ್ಲುಚೂರೂ ಹಾಗೆಯೇ. ಆದರೆ ಚುಚ್ಚಿದರೂ ನೋವಾಗದಿದ್ದರೆ ಸಕ್ಕರೆ ಕಾಯಿಲೆಯ ಸಂಶಯಪಡಬೇಕು.

ದೇಹದಲ್ಲಿ ಇನ್ಸುಲಿನ್ ಸಾಲದೆ ಹೋದಾಗ, ಇಲ್ಲವೆ ಇದ್ದರೂ ಸರಿಯಾಗಿ ಕೆಲಸ ಮಾಡದಿದ್ದಾಗ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ವರ್ಷಗಳು ಕಳೆದಂತೆ ಪಾದದ ನರಗಳು ಜಡವಾಗುತ್ತವೆ, ರಕ್ತದ ಓಟ ಕುಗ್ಗುತ್ತದೆ. ಗಮನಕ್ಕೇ ಬಾರದ ಗಾಯ ಕೀವಾಗಿ, ಕಾಲು ಕತ್ತರಿಸುವ ಹಂತಕ್ಕೂ ಹೋಗಬಹುದು.

ಇದು ಪೇಟೆಯ ಶ್ರೀಮಂತರ ರೋಗವೆಂಬ ಮಾತು ಈಗ ಸಲ್ಲದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10.1 ಕೋಟಿ ರೋಗಿಗಳಿದ್ದಾರೆ. ಹಳ್ಳಿಗಳ ವಯಸ್ಕರಲ್ಲಿ ಶೇ. 8.9, ಎಂದರೆ ಹನ್ನೊಂದು ಮಂದಿಗೊಬ್ಬರು!

ಅತಿದಾಹ, ಪದೇ ಪದೇ ಮೂತ್ರ, ಸೊರಗುವಿಕೆ ಇದರ ಲಕ್ಷಣಗಳು. ಹಲವರಲ್ಲಿ ಏನೂ ಕಾಣದು. ಆದ್ದರಿಂದ 30 ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಖಾಲಿಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ನೋಡಿಸಿ ಖಚಿತಪಡಿಸಿಕೊಳ್ಳಬೇಕು. ಜೋಳದ ರೊಟ್ಟಿ ಒಳ್ಳೆಯದೆಂದು ಲೆಕ್ಕವಿಲ್ಲದೆ ತಿಂದರೂ ಸಕ್ಕರೆ ಏರುತ್ತದೆ. ಜತೆಗೆ ಬೇಳೆ, ಸೊಪ್ಪು ಹೆಚ್ಚಿರಲಿ.

ರೋಗವಿರುವವರು ಗುಳಿಗೆಯನ್ನು ತಾವಾಗಿ ನಿಲ್ಲಿಸಕೂಡದು, ಚಪ್ಪಲಿಯಿಲ್ಲದೆ ಹೊಲಕ್ಕಿಳಿಯಕೂಡದು. ರಾತ್ರಿ ಮಲಗುವ ಮುನ್ನ ಅಂಗಾಲು, ಬೆರಳ ಸಂದು ನೋಡಿಕೊಳ್ಳಬೇಕು. ದೃಷ್ಟಿ ಮಂದವಾದ ಹಿರಿಯರದನ್ನು ಮನೆಯವರು ನೋಡಲಿ. ಗಾಯ ಕಂಡರೆ ಸುಣ್ಣ, ಅರಿಸಿನ ಮೆತ್ತಿ ಕಾಯದೆ ಅಂದೇ ವೈದ್ಯರಿಗೆ ತೋರಿಸಬೇಕು.